ಚಿಕ್ಕತಾಯಮ್ಮನ ಪಾಲಿನ ಗಾಳಿ

ಗಾಳಿ ಯಾರದಾದರೇನು, ಅದರಲ್ಲಿ ತಮಗೂ ಒಂದು ಪಾಲಿದೆ ಎಂದು ನಂಬಿದವರು ನಮ್ಮ ಭೇರ್ಯದ ಕಡೆಯ ಚಿಕ್ಕತಾಯಮ್ಮ ಅತ್ತೆ. ಊರಾಚೆಯ ಬಯಲಿನಲ್ಲಿ ಹೆಲಿಕಾಪ್ಟರ್ ಹಾರಿಸಲು ಕಲಿಯುವವರು ತುರ್ತಾಗಿ ಇಳಿಯುವ ಅಭ್ಯಾಸಕ್ಕೆ ಬರುವ ಹೊತ್ತಿಗೆ, ಇವರು ಪಕ್ಕದ ಕಣದಲ್ಲಿ ಮೊರದ ತುಂಬ ರಾಗಿ ಎತ್ತಿ ಹಿಡಿದು ಕಾಯುತ್ತಿದ್ದರು. ಅದು ಇಳಿಯುವಾಗ ಬೀಸುವ ಗಾಳಿಗೆ ತೂರಿದರೆ, ಹೊಟ್ಟು ಹೊಂಬಣ್ಣದ ಮೋಡವಾಗಿ ಕೆ.ಆರ್. ನಗರದವರೆಗೂ ತೇಲಿಹೋಗುತ್ತಿತ್ತು. ತಡವಾದರೆ ಆಕಾಶಕ್ಕೇ ಬೈಗುಳ: "ಇನ್ನೂ ಬರ್ನಿಲ್ವಲ್ಲ, ಉಂಡು ಮನೀಕಂಬುಟ್ನೋ ಏನೋ." ಹೋದ ಸುಗ್ಗಿಯಲ್ಲಿ ಒಂದು ದಿನ ಹೆಲಿಕಾಪ್ಟರ್ ಇಳಿಯುತ್ತಾ ಓರೆಯಾಗಿ, ನೆಲಕ್ಕೆ ಬಡಿದು ಮಗ್ಗುಲಾಗಿ ಬಿತ್ತು. ಒಳಗಿಂದ ತೆವಳಿಕೊಂಡು ಬಂದ, ಹಾರಿಸಲು ಕಲಿಯುತ್ತಿದ್ದ ಹುಡುಗನಿಗೆ ನೀರು ಕುಡಿಸಿದವರು ಚಿಕ್ಕತಾಯಮ್ಮನೇ. ಈಗ ಮತ್ತೆ ಅಭ್ಯಾಸ ಶುರುವಾಗಿದೆ. ಸದ್ದು ಕೇಳಿದ ಕೂಡಲೇ ಅವರು ಮೊರ ಕೆಳಗಿಟ್ಟು, ಹೊಸದಾಗಿ ನಡೆಯುವ ಮಗುವನ್ನು ಹಿಡಿಯುವವರ ಹಾಗೆ ಆಕಾಶದ ಕಡೆಗೆ ಎರಡೂ ಕೈ ಚಾಚಿ ನಿಲ್ಲುತ್ತಾರೆ. "ಗಾಳಿ ಓಯ್ತಾ ಅದೆ, ತೂರಿ ಅತ್ತೆ" ಎಂದು ನಾನು ಅಂದರೆ, ಕಣ್ಣು ಕೀಳದೆ ಹೇಳುತ್ತಾರೆ: "ಓಗ್ಲಿ ಬುಡು. ಮೊದ್ಲು ಅವ್ನು ನೆಟ್ಟಗೆ ಇಳೀಲಿ."