ನಾಲ್ಕನೇ ಜ್ವರದ ಮಧ್ಯಾಹ್ನ

ರೇಷ್ಮೆಹುಳು ಪೊರೆ ಬಿಡುವುದಕ್ಕೆ ನಮ್ಮ ಜಂಗಮಕೋಟೆ ಕಡೆ ಜ್ವರ ಎನ್ನುತ್ತಾರೆ. ಜ್ವರಕ್ಕೆ ಕೂತ ಹುಳು ತಲೆಯೆತ್ತಿಕೊಂಡು ಅಲ್ಲಾಡದೆ ಇರುತ್ತದೆ. ಆಗ ಸೊಪ್ಪು ಹಾಕಬಾರದು, ತಟ್ಟೆ ಮುಟ್ಟಬಾರದು. ನಾಲ್ಕನೇ ಜ್ವರ ಕಳೆಯಿತೆಂದರೆ ಮಾತ್ರ ಹುಳು ಹಣ್ಣಾಗಿ ಗೂಡು ಕಟ್ಟುವವರೆಗೆ ಸೊಪ್ಪು ಸುರಿಯುವುದೇ ಕೆಲಸ. ಹಾಗಾಗಿ ಅಮ್ಮನಿಗೆ ನಿದ್ದೆಗೆ ಸಿಗುತ್ತಿದ್ದದ್ದು ಆ ಜ್ವರದ ದಿನ ಒಂದೇ. ಅವತ್ತೂ ಮಲಗುತ್ತಿರಲಿಲ್ಲ. ಮನೆಯಲ್ಲಿ ಯಾರಿಗೆ ಏನು ಬೇಕಾದರೂ ಅಮ್ಮನನ್ನೇ ಕೂಗುತ್ತಿದ್ದರು.

ತೊಂಬತ್ತರ ದಶಕದ ಕೊನೆಯಲ್ಲಿ ನಾನು ಚಿಕ್ಕಬಳ್ಳಾಪುರದ ಒಂದು ಸಣ್ಣ ಕಂಪನಿಗೆ ಬಸ್ಸಿನಲ್ಲಿ ಹೋಗಿಬರುತ್ತಿದ್ದೆ. ಕಂಪ್ಯೂಟರುಗಳನ್ನು ಒಂದಕ್ಕೊಂದು ಜೋಡಿಸುವ ಸ್ವಿಚ್ ಪೆಟ್ಟಿಗೆ ಮಾಡುತ್ತಿದ್ದೆವು. ಅದರೊಳಗಿನ ಲಿನಕ್ಸ್ ತಂತ್ರಾಂಶಕ್ಕೆ ಡ್ರೈವರ್, ಅಂದರೆ ಚಿಪ್ಪನ್ನು ನಡೆಸುವ ಪ್ರೋಗ್ರಾಂ, ಬರೆಯುವ ಕೆಲಸ ನನ್ನ ತಲೆಗೆ ಬಂದಿತ್ತು. ಸಂದೇಶ ಬಂದಾಗಲೆಲ್ಲ ಅಲ್ಲಿನ ಚಿಪ್ ಪ್ರೊಸೆಸರನ್ನು ಕೂಗುತ್ತದೆ. ಅದಕ್ಕೆ ಇಂಟರಪ್ಟ್ ಎಂದು ಹೆಸರು. ಪ್ರೊಸೆಸರ್ ಕೈಯಲ್ಲಿದ್ದುದನ್ನು ಬಿಟ್ಟು ಓಡಬೇಕು. ನನ್ನ ಡ್ರೈವರ್ ಓಡಿಹೋಗಿ ಪೂರ್ತಿ ಕೆಲಸವನ್ನು ಅಲ್ಲೇ ನಿಂತು ಮುಗಿಸುತ್ತಿತ್ತು. ಅಷ್ಟು ಹೊತ್ತೂ ಬೇರೆ ಕೂಗು ಕೇಳದೆ, ಬಂದ ಸಂದೇಶಗಳು ತುಂಬಿ ಚೆಲ್ಲಿಹೋಗಿ, ಪೆಟ್ಟಿಗೆ ನಿಂತೇಬಿಡುತ್ತಿತ್ತು. ನನಗೂ ಸಾಕಾಗಿಹೋಗಿತ್ತು.

ಒಂದು ಭಾನುವಾರ ಆ ಕೋಡಿನ ಪ್ರಿಂಟು ಹಿಡಿದು ಜಗುಲಿಯ ಮೇಲೆ ಕೂತೆ. ಒಳಗೆ ಹುಳು ನಾಲ್ಕನೇ ಜ್ವರದಲ್ಲಿದ್ದವು. ಹಾಸು ಒಣಗಿರಲೆಂದು ಹುಳುಗಳ ಮೇಲೆ ಸುಣ್ಣದ ಪುಡಿ ಉದುರಿಸಿ ಅಮ್ಮ ತಟ್ಟೆಗಳ ಪಕ್ಕದಲ್ಲೇ ಚಾಪೆ ಹಾಸಿ ಮಲಗಿದ್ದಳು. ಇವತ್ತೊಂದು ಮಧ್ಯಾಹ್ನ ಇವಳನ್ನು ಯಾರೂ ಎಬ್ಬಿಸಕೂಡದು ಎಂದು ನನಗೆ ಹಟ ಬಂತು.

ಪಕ್ಕದ ಮನೆಯಾಕೆ ಮೊಸರಿನ ಹೆಪ್ಪಿಗೆ ಬಂದಳು. "ಆಮೇಲೆ ನಾನೇ ತಂದ್ಕೊಡ್ತೀನಿ ಕಣಕ್ಕ," ಅಂದೆ. ನನ್ನ ತಮ್ಮ ಅಂಗಿ ಎಲ್ಲಿ ಎಂದು ಕೂಗಲು ಬಾಯಿ ತೆರೆದ, ಕಣ್ಣಲ್ಲೇ ಗದರಿದೆ. ಚಿಂತಾಮಣಿಯಿಂದ ಚಿಕ್ಕಮ್ಮ ಬಂದಿಳಿದರು.

"ಅಕ್ಕ ಎಲ್ಲಿ?"

"ಮಲಗಿದ್ದಾಳೆ ಚಿಕ್ಕಮ್ಮ. ಸ್ವಲ್ಪ ಕೂತ್ಕೊಳ್ಳಿ."

"ಈ ಹೊತ್ನಲ್ಲಾ? ಮೈಗೆ ಹುಷಾರಿಲ್ವಾ?"

ಹೆಂಗಸು ಹಗಲು ಮಲಗಬೇಕೆಂದರೆ ಕಾಯಿಲೆಯೇ ಬೀಳಬೇಕಲ್ಲ ಎಂದು ಸಿಟ್ಟು ಬಂತು. ನುಂಗಿಕೊಂಡು ಮಜ್ಜಿಗೆ ತಂದುಕೊಟ್ಟೆ.

ಬಂದವರಿಗೆಲ್ಲ ಒಂದು ಮಾತಿನ ಉತ್ತರ ಕೊಟ್ಟು, ಕೆಲಸವನ್ನು ಆಮೇಲಕ್ಕೆ ಇಟ್ಟುಕೊಳ್ಳುತ್ತಿದ್ದೆ. ಡ್ರೈವರಿಗೆ ಬೇಕಾಗಿದ್ದದ್ದೂ ಇದೇ ಎಂದು ಆಗ ಹೊಳೆಯಿತು. ಕೂಗಿದ ಕೂಡಲೇ ಓಗೊಟ್ಟು, ಗುರುತು ಹಾಕಿಕೊಂಡು ವಾಪಸು ಬರಬೇಕು. ಉಳಿದದ್ದನ್ನು ಬಿಡುವಾದಾಗ ಮಾಡಬೇಕು. ಪೆನ್ಸಿಲಿನಲ್ಲಿ ತಿದ್ದಿಕೊಂಡೆ. ಮಾರನೇ ದಿನ ಪೆಟ್ಟಿಗೆ ನಿಲ್ಲದೆ ನಡೆಯಿತು.

ಆದರೆ ಆ ಮಧ್ಯಾಹ್ನ, ಹೊಳೆದ ಖುಷಿಯಲ್ಲಿ ಒಳಗೆ ಇಣುಕಿದರೆ ಚಾಪೆ ಖಾಲಿಯಾಗಿತ್ತು. ಅಮ್ಮ ತಟ್ಟೆಯ ಮೇಲೆ ಬಗ್ಗಿದ್ದಳು.

"ಯಾಕಮ್ಮ ಎದ್ದೆ? ಯಾರು ಕೂಗಿದ್ರು?"

"ಯಾರೂ ಇಲ್ಲ ಕಣೇ. ಹುಳ ಜ್ವರದಿಂದ ಎದ್ಬಿಟ್ಟಿವೆ, ನೋಡು. ಹಸಿದಿರ್ತವೆ," ಎಂದು ಸೆರಗು ಸೊಂಟಕ್ಕೆ ಸಿಕ್ಕಿಸಿಕೊಂಡಳು. ಕಣ್ಣು ಇನ್ನೂ ಕೆಂಪಗಿದ್ದವು.

ಬೀದಿಯ ಕಡೆಯಿಂದ ಬಂದ ಕೂಗನ್ನೆಲ್ಲ ತಡೆದಿದ್ದೆ. ಹುಳುಗಳ ಈ ಕೂಗು ನನ್ನ ಬೆನ್ನ ಹಿಂದಿನಿಂದ, ಸದ್ದೇ ಇಲ್ಲದೆ, ನೇರ ಅವಳಿಗೆ ಹೋಗಿತ್ತು. ಪ್ರಿಂಟು ಮಡಿಚಿಟ್ಟು ಸೊಪ್ಪು ತರಲು ಹೋದೆ.