ಬಟ್ಟೆ ಒಗೆಯಲು ಕಲಿತ ಭಾವ

ಗಂಡಸು ಇದ್ದಕ್ಕಿದ್ದಂತೆ ತನ್ನ ಅಂಗಿಯನ್ನು ತಾನೇ ಒಗೆಯತೊಡಗಿದರೆ ಅದರಲ್ಲಿ ಏನೋ ಕಳ್ಳತನ ಇದೆ ಎಂದೇ ಲೆಕ್ಕ. ಅದರಲ್ಲೂ ನನ್ನ ಭಾವನಂಥ ಗಂಡಸು. ಅಕ್ಕನನ್ನು ಮದುವೆಯಾದಾಗಿನಿಂದ ಒಂದು ಕರವಸ್ತ್ರವನ್ನೂ ನೀರಿಗೆ ಅದ್ದಿದವರಲ್ಲ. ಅಂಥವರು ಎಪ್ಪತ್ತು ದಾಟಿದ ಮೇಲೆ ಬಕೆಟ್ಟು ಹಿಡಿದು ತಾರಸಿ ಹತ್ತಿದರು. ಅಕ್ಕ ಕೈಹಾಕಲು ಹೋದರೆ ಮುಟ್ಟಬೇಡ ಎಂದು ಗದರಿದರಂತೆ.

"ವಯಸ್ಸಾಯ್ತಲ್ಲ, ಬುದ್ಧಿ ಬಂದಿರ್ಬೇಕು ಬಿಡೆ," ಎಂದಳು ಅಕ್ಕ.

"ಅದು ಬುದ್ಧಿ ಬರೋ ವಯಸ್ಸಲ್ಲ ಕಣೇ, ಹೋಗೋ ವಯಸ್ಸು," ಎಂದೆ.

ನಾನು ಅದೇ ಕಟ್ಟಡದ ಕೆಳಮನೆಯಲ್ಲಿ ಹೊಲಿಗೆ ಮಷಿನ್ ಇಟ್ಟುಕೊಂಡು ಬದುಕುವವಳು. ಮೆಟ್ಟಿಲ ಮೇಲೆ ಯಾರ ಕಾಲು ಬಿದ್ದರೂ ನನಗೆ ಗೊತ್ತಾಗುತ್ತದೆ. ಭಾವ ವಾರಕ್ಕೊಮ್ಮೆ ಇಸ್ತ್ರಿ ಮಾಡಿದ ಅಂಗಿ ತೊಟ್ಟು ಇಳಿದುಹೋಗುವುದು, ಮಧ್ಯಾಹ್ನ ಬಾಯಿಗೆ ಬೀಗ ಹಾಕಿಕೊಂಡು ಹತ್ತಿ ಬರುವುದು ನನ್ನ ಕಣ್ಣು ತಪ್ಪಲಿಲ್ಲ. ಎಲ್ಲಿಗೆ ಎಂದರೆ ಸ್ನೇಹಿತನ ಮನೆಗೆ ಎನ್ನುತ್ತಿದ್ದರು. ಒಂದು ದಿನ ಸುಮ್ಮನೆ ಕೆಣಕಿದೆ. "ಏನ್ ಭಾವ, ಅಂಗಿ ಮೇಲೆ ಯಾರದೋ ಕೂದಲಿದೆ?" ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡ ಅಂತಾರಲ್ಲ, ಹಾಗೆ ಅವರು ಎರಡು ಕೈಯಲ್ಲೂ ಅಂಗಿ ತಡವಿಕೊಂಡರು. ಅಲ್ಲಿಗೆ ನನ್ನ ಅನುಮಾನ ಗಟ್ಟಿಯಾಯಿತು.

ಭಾವ ಮೊದಲಿಂದ ಹೀಗಿದ್ದವರಲ್ಲ. ನೌಕಾಪಡೆಯಲ್ಲಿ, ಯುದ್ಧನೌಕೆಯ ಎಂಜಿನ್ ಕೋಣೆಯಲ್ಲಿ ಮೆಕ್ಯಾನಿಕ್ ಆಗಿದ್ದವರು. ಹಡಗಿನ ಹೊಟ್ಟೆಯೊಳಗಿನ ಆ ಸೆಕೆಯ ವಿಷಯ ತೆಗೆದರೆ ಮಾತು ನಿಲ್ಲುತ್ತಿರಲಿಲ್ಲ. ಅಲ್ಲಿ ಉಗಿ ಹರಿಯುವ ಪೈಪುಗಳಿಗೆಲ್ಲ ಬಿಳಿ ಹೊದಿಕೆ. ಎಲ್ಲಾದರೂ ಉಗಿ ಸೋರಿದರೆ ಆ ಹೊದಿಕೆಯನ್ನು ಸುತ್ತಿಗೆಯಿಂದ ಬಡಿದು ಕೀಳಬೇಕು. ರಿಪೇರಿ ಮುಗಿದ ಮೇಲೆ ಬಿಳಿ ಪುಡಿಗೆ ನೀರು ಹಾಕಿ, ಹಿಟ್ಟಿನ ಹಾಗೆ ಕಲಸಿ, ಕೈಯಲ್ಲೇ ಮತ್ತೆ ಮೆತ್ತಬೇಕು. ಕೆಲಸವಿಲ್ಲದಾಗ ಹುಡುಗರೆಲ್ಲ ಅದೇ ಹಿಟ್ಟಿನ ಉಂಡೆ ಕಟ್ಟಿ ಒಬ್ಬರ ಮೇಲೊಬ್ಬರು ಎಸೆದಾಡುತ್ತಿದ್ದರಂತೆ. ಹಡಗಿನಲ್ಲಿ ಅವರ ತಂಡಕ್ಕೆ 'ಹಿಟ್ಟಿನ ಗಿರಣಿ' ಎಂದೇ ಹೆಸರು. ಹಡಗು ಬಂದರಿನಲ್ಲಿ ನಿಂತ ದಿನಗಳಲ್ಲಿ ಭಾವ ಸಂಜೆ ಅದೇ ನೀಲಿ ಓವರಾಲ್‌ನಲ್ಲಿ ಮನೆಗೆ ಬರುತ್ತಿದ್ದರು, ಹುಬ್ಬಿನವರೆಗೂ ಬಿಳಿ.

ಆ ವಾಚಾಳಿ ಮನುಷ್ಯ ಈಗ ಮೌನ ಹಿಡಿದಿದ್ದರು, ಜೊತೆಗೆ ಒಣ ಕೆಮ್ಮು ಬೇರೆ. ಹಿಟ್ಟಿನ ಗಿರಣಿಯ ಒಬ್ಬ ಹಳೆಯ ಸಂಗಾತಿ ಸತ್ತಾಗ ಅಕ್ಕನನ್ನು ನೋಡಲೂ ಕರೆದೊಯ್ಯಲಿಲ್ಲ. ಇನ್ನು ಸುಮ್ಮನಿದ್ದರೆ ನಾನು ತಂಗಿಯೇ ಅಲ್ಲ ಎಂದುಕೊಂಡು, ಮುಂದಿನ ವಾರ ಅವರ ಹಿಂದೆಯೇ ಬಸ್ಸು ಹತ್ತಿದೆ.

ಭಾವ ಇಳಿದದ್ದು ದೊಡ್ಡಾಸ್ಪತ್ರೆಯ ಮುಂದೆ. ಓಹೋ, ನರ್ಸು ಎಂದುಕೊಂಡೆ. ನನ್ನ ತಲೆ ಓಡುವುದೇ ಹಾಗೆ. ಉದ್ದನೆಯ ಓಣಿ ದಾಟಿ ಎದೆರೋಗ ವಿಭಾಗದ ಬಾಗಿಲಲ್ಲಿ ಇಣುಕಿದರೆ, ಬೆಂಚಿನ ತುಂಬ ಮುದುಕರು. ಎಲ್ಲರೂ ಇಸ್ತ್ರಿ ಅಂಗಿ ತೊಟ್ಟು ನೆಟ್ಟಗೆ ಕೂತಿದ್ದರು, ಎಲ್ಲರಿಗೂ ಅದೇ ಒಣ ಕೆಮ್ಮು. ಹಿಟ್ಟಿನ ಗಿರಣಿಯಲ್ಲಿ ಉಳಿದವರು ಅವರೇ. ಅವರ ನಡುವೆ ಕೂತಿದ್ದ ಭಾವ ನನ್ನನ್ನು ನೋಡಿದರು.

"ಬಂದ್ಯಾ? ನೀನು ಸುಮ್ನಿರೋಳಲ್ಲ ಅಂತ ಗೊತ್ತಿತ್ತು. ಕೂತ್ಕೋ."

ಕವರಿನಿಂದ ಎಕ್ಸ್‌ರೇ ತೆಗೆದು ಕಿಟಕಿಯ ಬೆಳಕಿಗೆ ಹಿಡಿದರು. ಪಕ್ಕೆಲುಬುಗಳ ಮೇಲೆ ಅಲ್ಲಲ್ಲಿ ಬಿಳಿ ಕಲೆ.

"ಅದೇ ಪುಡಿ. ಆಸ್‌ಬೆಸ್ಟಾಸ್ ಅಂತಾರಲ್ಲ, ಅದು. ಒಳಗೆ ಹೋಗಿದ್ದು ಹೊರಗೆ ಬರಲ್ವಂತೆ. ಇಷ್ಟು ವರ್ಷ ತೆಪ್ಪಗಿದ್ದು ಈಗ ತಲೆ ಎತ್ತಿದೆ."

"ಮೇಲಿನೋರಿಗೆ ಇದು ಗೊತ್ತಿತ್ತಾ?"

"ಯಾರಿಗ್ ಗೊತ್ತು. ಒಂದಂತೂ ನಿಜ, ನಾವು ಅದನ್ನ ಕೀಳೋವಾಗ ಯಾವ ಆಫೀಸರೂ ಒಳಗೆ ಬರ್ತಿರ್ಲಿಲ್ಲ."

ಅಕ್ಕನಿಗೆ ಯಾಕೆ ಹೇಳಲಿಲ್ಲ ಎಂದು ಕೇಳಿದೆ. ಭಾವ ಎಕ್ಸ್‌ರೇಯನ್ನು ನಿಧಾನವಾಗಿ ಕವರಿಗೆ ಹಾಕಿದರು.

"ಡಾಕ್ಟ್ರು ಕೇಳಿದ್ರು, ಆಗ ನಿಮ್ ಬಟ್ಟೆ ಯಾರು ಒಗೀತಿದ್ರು ಅಂತ."

ಆ ಓವರಾಲನ್ನು ಅಕ್ಕ ತಾರಸಿಯ ಮೋಟುಗೋಡೆಗೆ ಬಡಿಯುತ್ತಿದ್ದದ್ದು, ಬಿಳಿ ಧೂಳು ಅವಳ ತಲೆಯ ಮೇಲೆ ಇಳಿಯುತ್ತಿದ್ದದ್ದು ನಾನೇ ಎಷ್ಟೋ ಸಲ ನೋಡಿದ್ದೆ. ಈಚೆಗೆ ಅವಳು ಮೆಟ್ಟಿಲ ಅರ್ಧದಲ್ಲಿ ಕಂಬಿ ಹಿಡಿದು ನಿಲ್ಲುತ್ತಿದ್ದಳು. ಮಂಡಿನೋವು ಎಂದುಕೊಂಡಿದ್ದೆವು.

"ನೆನೆಸಿದ್ರೆ ಪುಡಿ ಅಂಟಾಗಿ ಕೂತ್ಬಿಡುತ್ತೆ. ಮೊದ್ಲು ಜಾಡಿಸು, ಆಮೇಲೆ ನೆನೆಸು ಅಂತ ಹೇಳ್ಕೊಟ್ಟೋನು ನಾನೇ," ಎಂದರು ಭಾವ. "ಹಡಗಲ್ಲಿ ನಾವು ಹಾಗೇ ಮಾಡ್ತಿದ್ವಿ. ಈಗ ಅವಳನ್ನೂ ಕರ್ಕೊಂಡ್ ಬನ್ನಿ, ಚಿತ್ರ ತೆಗೀಬೇಕು ಅಂತಿದಾರೆ. ಅವಳದ್ರಲ್ಲೂ ಇದೇ ಕಂಡ್ರೆ ನಾನೇನ್ ಮಾಡ್ಲಿ?"

"ಅದಕ್ಕೆ ಈಗ ಬಟ್ಟೆ ಒಗೀತಿದೀರಾ? ಊರು ಕೊಳ್ಳೆ ಹೋದ ಮೇಲೆ ಕೋಟೆ ಬಾಗಿಲು ಹಾಕಿದ್ರಂತೆ! ಆ ಅಂಗೀಲಿ ಈಗ ಏನಿದೆ ಭಾವ, ನಿಮ್ ಬೆವರು ಬಿಟ್ರೆ?"

ಬೆಂಚಿನವರೆಲ್ಲ ನಮ್ಮ ಕಡೆ ತಿರುಗಿದರು. ನನಗೆ ಸಿಟ್ಟು ಎಷ್ಟು ಬಂದಿತ್ತೋ ಕನಿಕರವೂ ಅಷ್ಟೇ ಬಂದಿತ್ತು. ಸೋಪಿನ ನೀರಿಗೆ ಅವರ ಬೆರಳ ತುದಿಗಳೆಲ್ಲ ಬಿರಿದಿದ್ದವು.

"ನೀವ್ ಹೇಳ್ತೀರೋ, ನಾನ್ ಹೇಳ್ಲೋ?" ಎಂದೆ. ಮನೆಗೆ ಬಂದು ನಾನೇ ಹೇಳಿದೆ.

ಅಕ್ಕ ಕೊನೆಯವರೆಗೂ ಕೇಳಿಸಿಕೊಂಡು, "ಹಾಗಾದ್ರೆ ಬೇರೆ ಹೆಂಗಸು ಅಲ್ಲ ತಾನೆ?" ಎಂದಳು. ಇಷ್ಟು ದಿನ ನನ್ನ ಅನುಮಾನಕ್ಕೆ ನಗುತ್ತಿದ್ದವಳು ಒಳಗೊಳಗೇ ಅದನ್ನೇ ನುಂಗಿಕೊಂಡು ಕೂತಿದ್ದಳು. "ಸದ್ಯ," ಎಂದು ಸೆರಗಿನಲ್ಲಿ ಕಣ್ಣೊರೆಸಿಕೊಂಡಳು. ನನಗೆ ಅಳು ಬಂತು.

ಮುಂದಿನ ವಾರ ಮೂವರೂ ಹೋದೆವು. ಅವತ್ತು ಕೂತಿದ್ದವರು ಹೊಸ ಡಾಕ್ಟರು, ಚಿಕ್ಕ ವಯಸ್ಸು, ನಮ್ಮ ಹಿಂದುಮುಂದು ಗೊತ್ತಿಲ್ಲದವರು. ಅಕ್ಕನ ಎಕ್ಸ್‌ರೇಯನ್ನು ದೀಪದ ಪೆಟ್ಟಿಗೆಗೆ ಸಿಕ್ಕಿಸಿದರು. ಕಲೆಗಳನ್ನು ಗುರುತಿಸಲು ನನಗೆ ಯಾರೂ ಹೇಳಿಕೊಡಬೇಕಾಗಿರಲಿಲ್ಲ. ಭಾವನ ಚಿತ್ರದಲ್ಲಿದ್ದದ್ದಕ್ಕಿಂತ ಹೆಚ್ಚೇ ಇದ್ದವು. ಡಾಕ್ಟರು ಪೆನ್ನು ತೆಗೆದುಕೊಂಡರು.

"ನೀವು ಯಾವ ಹಡಗಲ್ಲಿ ಕೆಲ್ಸ ಮಾಡ್ತಿದ್ರಿ ಅಮ್ಮ?"

"ನಾನಾ?" ಅಕ್ಕನಿಗೆ ನಗು ಬಂತು. "ನಾನು ಹಡಗನ್ನ ಹತ್ರದಿಂದ ನೋಡೂ ಇಲ್ಲ ಡಾಕ್ಟ್ರೇ."

ಡಾಕ್ಟರು ಅರ್ಥವಾಗದೆ ನಮ್ಮತ್ತ ನೋಡಿದರು. ಭಾವ ಕುರ್ಚಿಯಿಂದ ಎದ್ದು, ಮೇಲಧಿಕಾರಿಯ ಮುಂದೆ ನಿಂತವರಂತೆ ಕೈ ಇಳಿಬಿಟ್ಟು ನಿಂತರು.

"ಹಡಗಲ್ಲಿದ್ದೋನು ನಾನು ಸರ್," ಎಂದರು. "ಅವಳು ನನ್ನ ಬಟ್ಟೆ ಒಗೀತಿದ್ಲು, ಅಷ್ಟೇ."