ಅತ್ತಿಗೆಯ ರಾಟೆಯೂ ನನ್ನ ಇಂಗ್ಲಿಷೂ

ಹೊಸ ಕೈಮಗ್ಗದ ಸೀರೆಯ ಮಡಿಕೆ ಬಿಚ್ಚಿದರೆ ಗಂಜಿಯ ವಾಸನೆ ಬರುತ್ತದಲ್ಲ, ಬೇರೆಯವರಿಗೆ ಅದರಿಂದ ಮಗ್ಗ ನೆನಪಾದೀತು. ನನಗೆ ಇಂಗ್ಲಿಷ್ ನೆನಪಾಗುತ್ತದೆ. ನಗಬೇಡಿ, ಕಾರಣ ಇದೆ. ಇವತ್ತು ಬೆಳಿಗ್ಗೆಯೂ ಹಾಗೇ ಆಯಿತು.

ಯುದ್ಧದ ಕಾಲ, ಸೀಮೆಎಣ್ಣೆಗೂ ಬರ. ದೊಡ್ಡಬಳ್ಳಾಪುರದ ನಮ್ಮ ನಡುಮನೆಯಲ್ಲಿ ಅಣ್ಣನ ಮಗ್ಗ, ಮೂಲೆಯಲ್ಲಿ ಅತ್ತಿಗೆ ನೂಲು ಸುತ್ತುವ ರಾಟೆ, ಅದರ ಪಕ್ಕದಲ್ಲಿ ಎಸ್ಸೆಸ್ಸೆಲ್ಸಿಯ ಇಂಗ್ಲಿಷಿನಲ್ಲಿ ಒಮ್ಮೆ ಡುಮ್ಕಿ ಹೊಡೆದ ನಾನು. "ಈ ಸಲಾನೂ ಹೋದ್ರೆ ಓದಿದ್ದು ಸಾಕು. ತ್ಯಾಮಗೊಂಡ್ಲು ಗಂಡಿನ ಮನೆಯೋರು ಕಾಯ್ತಾವ್ರೆ" ಎಂದು ಅಪ್ಪ ಹೇಳಿಬಿಟ್ಟಿದ್ದರು. ನನಗೋ ಟೀಚರಾಗುವ ಹುಚ್ಚು. ಅಡ್ಡ ನಿಂತಿದ್ದು ಪುಟ್, ಗಿವ್, ರನ್ ಎಂಬ ಪುಟಾಣಿ ಕ್ರಿಯಾಪದಗಳು. ಹಿಂದೆ ಒಂದು ಆಫೋ ಇನ್ನೋ ಔಟೋ ಸೇರಿಕೊಂಡರೆ ಸಾಕು, ಅರ್ಥವೇ ಬೇರೆ. ಮೇಷ್ಟರು ಕನ್ನಡದ ಅರ್ಥ ಸಮೇತ ಬರೆಸಿದ ಪಟ್ಟಿಯನ್ನು ದಿನಾ ಗಟ್ಟಿಯಾಗಿ ಓದುತ್ತಿದ್ದೆ, ದಿನಾ ಅಷ್ಟೇ ಚೆನ್ನಾಗಿ ಮರೆಯುತ್ತಿದ್ದೆ.

ಅತ್ತಿಗೆ ಬೂದಿಗೆರೆಯವಳು, ಶಾಲೆಯ ಮೆಟ್ಟಿಲು ಹತ್ತಿದವಳಲ್ಲ. ಒಂದು ಮಧ್ಯಾಹ್ನ ನಾನು 'ಪುಟ್ ಅಪ್ ವಿತ್' ಎಂದು ತಡವರಿಸಿ ನಿಂತಾಗ, ರಾಟೆಯಿಂದ ಕಣ್ಣೆತ್ತದೆ ಅವಳೇ ಹೇಳಿದಳು: "ಸಹಿಸ್ಕೊಳ್ಳೋದು ಕಣೇ. ನಾನು ನಿಮ್ಮಮ್ಮನ್ನ ಸಹಿಸ್ಕೊಂಡಿಲ್ವಾ, ಅದು."

ನಾನು ಬೆಪ್ಪಾದೆ. ಪಟ್ಟಿ ಮುಚ್ಚಿಟ್ಟು ಕೇಳತೊಡಗಿದೆ.

"ರನ್ ಔಟ್ ಆಫ್?"

"ಖಾಲಿಯಾಗೋದು. ನಮ್ಮ ಸೀಮೆಎಣ್ಣೆ ಡಬ್ಬ."

"ಪುಟ್ ಆಫ್?"

"ಮುಂದಕ್ಕೆ ಹಾಕೋದು. ನನ್ನ ತವರಿಗೆ ಕಳಿಸೋ ವಿಷ್ಯ."

"ಗಿವ್ ಇನ್?"

ಸೋತು ಒಪ್ಪಿಕೊಳ್ಳುವುದು ಎಂದರ್ಥ. ಅವಳು ಮಗ್ಗದ ಕಡೆ ಕಣ್ಣು ಹೊರಳಿಸಿ ಬಾಯಿಗೆ ಸೆರಗು ಹಿಡಿದಳು. ಗಂಡನ ಹೆಸರು ಹೇಳುವ ಹಾಗಿರಲಿಲ್ಲ ನೋಡಿ. ಅಮ್ಮ ಏನೆಂದರೂ ತಲೆಯಾಡಿಸುವ ನನ್ನಣ್ಣನಿಗೆ ಅಂದಿನಿಂದ ಅದೇ ಹೆಸರು ಕಾಯಂ ಆಯಿತು. "ಗಿವ್ ಇನ್ ಊಟಕ್ಕೆ ಬರ್ತಾರಾ ಕೇಳ್ಕೊಂಡ್ ಬಾ" ಎನ್ನುವಳು. ಪಾಪ, ಅಣ್ಣನಿಗೆ ಕೊನೆಗೂ ಗೊತ್ತಾಗಲಿಲ್ಲ.

ಒಂದೂ ತಪ್ಪಿಲ್ಲ! ಅಕ್ಷರ ಬಾರದ ಹೆಂಗಸು ನನ್ನ ಪಟ್ಟಿಯನ್ನೆಲ್ಲ ಮನೆಯ ಮಂದಿಗೂ ಡಬ್ಬಿ ಬುಟ್ಟಿಗಳಿಗೂ ಹಂಚಿ ಇಟ್ಟುಕೊಂಡಿದ್ದಳು. ಪರೀಕ್ಷೆಯವರೆಗೆ ಅವಳ ಮುಂದೆ ಕೂತು ಮೊದಲಿನಿಂದ ಕಲಿತೆ. ಪ್ರಶ್ನೆಪತ್ರಿಕೆ ಕೈಗೆ ಬಂದಾಗ ಅದರ ತುಂಬ ನಮ್ಮ ಮನೆಯೇ ಕಂಡಿತು.

ಫಲಿತಾಂಶದ ದಿನ ಓಡಿ ಬಂದು "ಅತ್ತಿಗೆ, ಪಾಸು!" ಎಂದು ಕೂಗಿದೆ. ರಾಟೆ ನಿಂತಿತು. ಅವಳು ಸೆರಗಿಗೆ ಕೈ ಒರೆಸಿಕೊಂಡು ಮೆಲ್ಲಗೆ ಕೇಳಿದಳು: "ಇಬ್ರೂನಾ?"

ತಮಾಷೆಯೆಂದುಕೊಂಡು ನಾನು ನಕ್ಕುಬಿಟ್ಟೆ. ಅವಳೂ ನಕ್ಕು ಮತ್ತೆ ನೂಲು ಹಿಡಿದಳು. ತ್ಯಾಮಗೊಂಡ್ಲು ಸಂಬಂಧ ತಪ್ಪಿತು, ನಾನು ಟೀಚರಾದೆ, ಎಷ್ಟೋ ವರ್ಷ ಅದೇ ಕ್ರಿಯಾಪದಗಳನ್ನು ಪಾಠ ಮಾಡಿ ಭೇಷ್ ಎನ್ನಿಸಿಕೊಂಡೆ. ಅವಳು ಕಣ್ಣು ಮಂಜಾಗುವ ತನಕ ನೂಲು ಸುತ್ತಿದಳು.

ಅವಳು ನಿಜವಾಗಿಯೇ ಕೇಳಿದ್ದಳು ಎಂದು ಈ ವಯಸ್ಸಿನಲ್ಲಿ, ಇವತ್ತು, ಹೊಳೆಯುತ್ತಿದೆ. "ಹೂಂ ಅತ್ತಿಗೆ, ಇಬ್ರೂ" ಎನ್ನಲು ಎಷ್ಟು ಹೊತ್ತು ಬೇಕಿತ್ತು? ಅವಳು ಉತ್ತರಕ್ಕಾಗಿ ಒಂದು ಗಳಿಗೆ ಕಾದಳು. ನಾನು ನಗುತ್ತಲೇ ಇದ್ದೆ.